ತಕರಾರು ಅರ್ಜಿಯಲ್ಲಿ ‘ಮುರಿದುಕೊಂಡಿದ್ದಾರೆ’ ಎಂದು ಬರೆಯಬೇಕೋ, ‘ಕಡಿತವಾಗಿದೆ’ ಎಂದೋ? ಅನುಭವ ಇದ್ದವರು ತಿಳಿಸಿ

ಜಮಖಂಡಿ ತಾಲ್ಲೂಕಿನ ಕಬ್ಬು ಬೆಳೆಗಾರ:
ನಮ್ಮ ತಂದೆಯವರ ಕಬ್ಬಿನ ಬಿಲ್ಲಿನಲ್ಲಿ ಸೊಸೈಟಿ ಸಾಲದ ಕಂತು ಎಂದು ₹18,400 ಹೋಗಿದೆ. ಆ ಕಂತನ್ನು ನಾವು ಮೊದಲೇ ನಗದಾಗಿ ಕಟ್ಟಿ ಪಾವತಿ (ರಸೀದಿ) ಪಡೆದಿದ್ದೇವೆ. ಅರ್ಜಿ ಬರೆಯಲು ಕುಳಿತರೆ ಕ್ರಿಯಾಪದದ ಹತ್ತಿರವೇ ಪೆನ್ನು ನಿಲ್ಲುತ್ತಿದೆ. ‘ಹಣ ಕಳೆದಿದೆ’, ‘ಕಡಿತವಾಗಿದೆ’, ‘ಕಡಿತಗೊಳಿಸಲಾಗಿದೆ’, ‘ಮುರಿದುಕೊಂಡಿದ್ದಾರೆ’ ಇವುಗಳಲ್ಲಿ ಯಾವುದನ್ನು ಬರೆದರೆ ಓದುವವರಿಗೆ ಎರಡರ್ಥ ಬರುವುದಿಲ್ಲ? ಇಂಥ ಅರ್ಜಿ ಬರೆದವರು ದಯವಿಟ್ಟು ತಿಳಿಸಬೇಕು.

ಕೊಲ್ಹಾರದ ಉಳ್ಳಾಗಡ್ಡಿ ಬೆಳೆಗಾರ:
‘ಮುರಿದುಕೊಂಡಿದ್ದಾರೆ’ ಎಂದೇ ಬರೆಯಿರಿ. ನನ್ನ ಉಳ್ಳಾಗಡ್ಡಿ ₹56,000ಕ್ಕೆ ಹರಾಜಾಗಿತ್ತು. ಪಟ್ಟಿಯಲ್ಲಿ ಹಮಾಲಿ ₹1,260, ಲಾರಿ ಬಾಡಿಗೆ ₹6,500, ಹಿಂದಿನ ಉಚಲು (ಮೊದಲೇ ಪಡೆದ ಮುಂಗಡ) ₹10,000, ಅವುಗಳ ಜೊತೆಗೆ ಅಡತಿಯವರ (ಕಮಿಷನ್ ಏಜೆಂಟರ) ದಲಾಲಿ ₹4,480 ಹೋಗಿ ಕೈಗೆ ಬಂದದ್ದು ₹33,760. ಹಮಾಲಿ, ಬಾಡಿಗೆ, ಉಚಲು ಇವುಗಳ ಬಗ್ಗೆ ನನ್ನ ತಕರಾರಿರಲಿಲ್ಲ. ದಲಾಲಿಯನ್ನು ಖರೀದಿದಾರರಿಂದ ಪಡೆಯಬೇಕೇ ಹೊರತು ಮಾಲು ತಂದ ರೈತನಿಂದ ಪಡೆಯುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಆದರೆ ಅರ್ಜಿ ಟೈಪು ಮಾಡಿಕೊಟ್ಟವರು ‘ನನ್ನ ಪಟ್ಟಿಯಲ್ಲಿ ದಲಾಲಿ ಕಡಿತವಾಗಿದೆ’ ಎಂದು ಹೊಡೆದುಕೊಟ್ಟರು. ಅದನ್ನು ಓದಿದ ಅಧಿಕಾರಿಗಳು, ದಲಾಲಿ ಕಡಿಮೆಯಾಗಿದ್ದರೆ ನಿಮಗೆ ಲಾಭವೇ ಅಲ್ಲವೇ, ತಕರಾರು ಏನು ಎಂದು ಕೇಳಿ ಅರ್ಜಿಯನ್ನು ಬದಿಗಿಟ್ಟರು. ಆ ವಾಕ್ಯಕ್ಕೆ ಆ ಅರ್ಥವೂ ಇದೆ, ಇಲ್ಲವೆನ್ನಲಾಗದು. ಆಮೇಲೆ ನಾನೇ ಕೈಯಿಂದ ಬರೆದೆ: ‘ನನ್ನ ಮಾಲಿನ ಹಣದಲ್ಲಿ ಅಡತಿಯವರು ₹4,480ನ್ನು ದಲಾಲಿಯೆಂದು ಮುರಿದುಕೊಂಡಿದ್ದಾರೆ.’ ಯಾರು, ಯಾವುದರಲ್ಲಿ, ಎಷ್ಟು, ಯಾತಕ್ಕೆ ಎಂಬ ನಾಲ್ಕೂ ಅದರಲ್ಲಿವೆ. ಹಣ ಬಂತು. ಆದರೆ ಅಷ್ಟರಲ್ಲಿ ಹಿಂಗಾರಿ ಬಿತ್ತನೆಯ ಹದ ಮೀರಿ, ಬೀಜಕ್ಕೆ ಸಾಲ ತಂದಾಗಿತ್ತು.

ಬೆಳಗಾವಿಯ ನಿವೃತ್ತ ಲೆಕ್ಕ ಶಾಖೆ ನೌಕರ:
ಮೇಲಿನವರ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಚೇರಿಯ ಕಾಗದದಲ್ಲಿ ‘ಮುರಿದುಕೊಂಡರು’ ಎಂದರೆ ಜೇಬಿಗೆ ಹಾಕಿಕೊಂಡರು ಎಂಬ ಆರೋಪದಂತೆ ಕೇಳಿಸುತ್ತದೆ. ‘ಕಡಿತಗೊಳಿಸು’ ಎಂಬುದೇ ಸರಿ, ಆದರೆ ವಿಭಕ್ತಿ ತಪ್ಪಬಾರದು. ನನ್ನ ಪತ್ನಿ ದುಡಿಯುತ್ತಿದ್ದ ಖಾಸಗಿ ಶಾಲೆಯವರು ಸಂಬಳದ ಪ್ರಮಾಣಪತ್ರದಲ್ಲಿ ‘ಇವರ ಸಂಬಳವನ್ನು ಪ್ರತಿ ತಿಂಗಳು ₹3,200 ಕಡಿತಗೊಳಿಸಲಾಗುತ್ತಿದೆ’ ಎಂದು ಬರೆದುಕೊಟ್ಟರು. ಅದು ವೃತ್ತಿ ತೆರಿಗೆ ₹200 ಮತ್ತು ಪತ್ತಿನ ಸಂಘದ ಕಂತು ₹3,000 ಸೇರಿದ ಮೊತ್ತ. ‘ಸಂಬಳದಿಂದ’ ಎಂದಿರಬೇಕಾದಲ್ಲಿ ‘ಸಂಬಳವನ್ನು’ ಎಂದಿದ್ದರಿಂದ ಬ್ಯಾಂಕಿನವರು ಸಂಬಳವೇ ಇಳಿದಿದೆ ಎಂದು ತಿಳಿದು, ನಾಲ್ಕು ಲಕ್ಷದ ಸಾಲವನ್ನು ಮೂರಕ್ಕೆ ಇಳಿಸಿದರು. ಉಳಿದ ಒಂದು ಲಕ್ಷವನ್ನು ಹೊರಗೆ ನೂರಕ್ಕೆ ಎರಡರ ಬಡ್ಡಿಗೆ ತಂದೆವು. ತಿಂಗಳಿಗೆ ಎರಡು ಸಾವಿರ ಬರೀ ಬಡ್ಡಿಗೆ ಹೋಗುತ್ತಿತ್ತು. ಸಂಬಳ ಕಡಿತ ಬೇರೆ, ಸಂಬಳದಿಂದ ಕಡಿತ ಬೇರೆ. ಮೊದಲನೆಯದರಲ್ಲಿ ಗೊತ್ತುಪಡಿಸಿದ ಸಂಬಳವೇ ತಗ್ಗುತ್ತದೆ. ಎರಡನೆಯದರಲ್ಲಿ ಸಂಬಳ ಅಷ್ಟೇ ಇದ್ದು, ಕೈಗೆ ಬರುವುದು ತಗ್ಗುತ್ತದೆ.

ಕೊಲ್ಹಾರದ ಉಳ್ಳಾಗಡ್ಡಿ ಬೆಳೆಗಾರ:
ಹಿರಿಯರೇ, ತಮ್ಮ ‘ಲಾಗುತ್ತಿದೆ’ಯಲ್ಲಿ ಕಡಿತಗೊಳಿಸಿದವರು ಯಾರೆಂಬುದೇ ಇಲ್ಲ. ಸಂಬಳದ ಪತ್ರದಲ್ಲಿ ಅದು ನಡೆಯುತ್ತದೆ, ಏಕೆಂದರೆ ಸಂಬಳ ಕೊಡುವವರು ಒಬ್ಬರೇ. ಕಬ್ಬಿನ ಬಿಲ್ಲಿನಲ್ಲಿ ಹಾಗಲ್ಲ. ಮುರಿಯುವುದು ಕಾರ್ಖಾನೆ, ಹಣ ಹೋಗುವುದು ಸೊಸೈಟಿಗೆ. ‘ಕಡಿತಗೊಳಿಸಲಾಗಿದೆ’ ಎಂದು ಬರೆದರೆ ಕಾರ್ಖಾನೆಯವರು ಸೊಸೈಟಿಗೆ ಹೋಗಿ ಎನ್ನುತ್ತಾರೆ, ಸೊಸೈಟಿಯವರು ಕಾರ್ಖಾನೆಗೆ ಹೋಗಿ ಎನ್ನುತ್ತಾರೆ. ‘ಕೊಳ್ಳು’ ಎಂಬುದು ಆರೋಪವಲ್ಲ. ಕೊಡಬೇಕಾದವರು ಕೊಡದೆ ತಮ್ಮಲ್ಲಿ ಉಳಿಸಿಕೊಂಡರು ಎಂದಷ್ಟೇ ಅದರ ಅರ್ಥ. ನಮ್ಮ ಮಾತನ್ನು ಕಚೇರಿಗೆ ತರಬಾರದು ಎಂಬ ಧೋರಣೆಯಿಂದಲೇ ರೈತರ ಅರ್ಜಿಗಳು ರೈತರಿಗೇ ತಿಳಿಯದಂತಾಗಿವೆ.

ಬೆಳಗಾವಿಯ ನಿವೃತ್ತ ಲೆಕ್ಕ ಶಾಖೆ ನೌಕರ:
ಯಾರ ಮಾತನ್ನೂ ನಾನು ಕೀಳೆಂದಿಲ್ಲ, ನನ್ನ ಬಾಯಲ್ಲಿ ಇಲ್ಲದ ಮಾತನ್ನು ತುರುಕಬೇಡಿ. ‘ಕಾರ್ಖಾನೆಯವರು ಕಡಿತಗೊಳಿಸಿ ಸೊಸೈಟಿಗೆ ಸಂದಾಯ ಮಾಡಿದ್ದಾರೆ’ ಎಂದರೆ ಕರ್ತೃವೂ ಬಂತು, ಹಣ ಹೋದ ದಾರಿಯೂ ಬಂತು. ಅಲ್ಲದೆ ನೀವೇ ಹೇಳಿದಂತೆ ಕಾರ್ಖಾನೆ ಆ ಹಣವನ್ನು ತನ್ನಲ್ಲಿ ಉಳಿಸಿಕೊಂಡಿಲ್ಲ. ಹಾಗಿದ್ದ ಮೇಲೆ ನಿಮ್ಮ ‘ಕೊಳ್ಳು’ ಇಲ್ಲಿ ಹೇಗೆ ಹೊಂದುತ್ತದೆ?

ಚಿಕ್ಕೋಡಿ ಕಡೆಯ ಕಿರಾಣಿ ವ್ಯಾಪಾರಿ:
ನಮ್ಮ ಖಾತೆ ಪುಸ್ತಕದಲ್ಲಿ ತಂದೆಯವರ ಕಾಲದಿಂದಲೂ ‘ವಜಾ’ ಎಂದೇ ಬರೆಯುತ್ತ ಬಂದಿದ್ದೇವೆ. ಜಮಾ ಒಂದು ಕಡೆ, ವಜಾ ಒಂದು ಕಡೆ, ಕೆಳಗೆ ಬಾಕಿ. ಮರಾಠಿ ಶಾಲೆಯ ಮಕ್ಕಳು ಕಳೆಯುವ ಲೆಕ್ಕವನ್ನು ‘ವಜಾಬಾಕಿ’ ಎಂದೇ ಕಲಿಯುತ್ತಾರೆ. ‘₹18,400 ವಜಾ ಮಾಡಿದ್ದಾರೆ’ ಎಂದು ಬರೆದರೆ ಕೆಲಸ ಮುಗಿಯಿತು. ಇದಕ್ಕೆ ಇಷ್ಟು ವಾದ ಬೇಕೇ?

ಬೆಳಗಾವಿಯ ನಿವೃತ್ತ ಲೆಕ್ಕ ಶಾಖೆ ನೌಕರ:
ಬೇಕು. ಇಂದು ‘ವಜಾ’ ಎಂದರೆ ನೌಕರಿಯಿಂದ ತೆಗೆದದ್ದು, ಇಲ್ಲವೇ ಅರ್ಜಿಯನ್ನು ತಳ್ಳಿಹಾಕಿದ್ದು. ‘ಸಾಲದ ಕಂತನ್ನು ವಜಾ ಮಾಡಿದ್ದಾರೆ’ ಎಂದರೆ ಹೊಸ ತಲೆಮಾರಿನ ಗುಮಾಸ್ತರು ಕಂತು ಮಾಫಿಯಾಗಿದೆ ಎಂದೇ ಓದುತ್ತಾರೆ.

ಚಿಕ್ಕೋಡಿ ಕಡೆಯ ಕಿರಾಣಿ ವ್ಯಾಪಾರಿ:
ಗುಮಾಸ್ತರಿಗೆ ತಿಳಿಯದಿದ್ದರೆ ಅವರು ಕಲಿಯಲಿ. ನಮ್ಮ ಗಡಿಭಾಗದ ಶಬ್ದವನ್ನು ನಾವೇಕೆ ಬಿಡಬೇಕು?

ಬಾಗಲಕೋಟೆಯ ಕನ್ನಡ ಶಿಕ್ಷಕಿ:
ಗಡಿಯ ಜಗಳವನ್ನು ಇಲ್ಲಿಗೆ ತರಬೇಡಿ, ಕೇಳಿದವರಿಗೆ ಅದರಿಂದ ಏನೂ ಸಿಗುವುದಿಲ್ಲ. ಕಬ್ಬಿನವರಿಗೆ ಹೆಚ್ಚು ಹೊಡೆತ ಕೊಡುವುದು ‘ಹೊರತುಪಡಿಸಿ’ ಎಂಬ ಮಾತು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಟನ್ನಿಗೆ ₹3,500 ಕೇಳಿ ಧರಣಿ ಕುಳಿತಾಗ ನಮ್ಮ ಮನೆಯಲ್ಲಿ ಇದೇ ಚರ್ಚೆ ನಡೆಯಿತು. ಕೇಂದ್ರದ ಎಫ್‌ಆರ್‌ಪಿ (ಸರ್ಕಾರ ಗೊತ್ತುಪಡಿಸುವ ಕಬ್ಬಿನ ಕನಿಷ್ಠ ದರ) ಕಾರ್ಖಾನೆಯ ಬಾಗಿಲಿಗೆ ತಲುಪಿದ ಕಬ್ಬಿನ ದರ, ಆದ್ದರಿಂದ ಕಟಾವು ಮತ್ತು ಸಾಗಣೆಯ ವೆಚ್ಚ ರೈತನ ಹಣದಿಂದಲೇ ಹೋಗುತ್ತದೆ. ‘ಕಟಾವು, ಸಾಗಣೆ ಹೊರತುಪಡಿಸಿ ₹3,300’ ಎಂದು ಯಾರಾದರೂ ಬರೆದರೆ, ವೆಚ್ಚ ₹850 ಎಂದಿಟ್ಟುಕೊಳ್ಳಿ, ಒಬ್ಬರು ಅದನ್ನು ಕೈಗೆ ₹3,300 ಎಂದು ಓದುತ್ತಾರೆ, ಇನ್ನೊಬ್ಬರು ₹2,450 ಎಂದು ಓದುತ್ತಾರೆ. ‘ಕಟಾವು, ಸಾಗಣೆ ವೆಚ್ಚ ಕಳೆದು ರೈತನ ಖಾತೆಗೆ ₹3,300’ ಎಂದರೆ ವಾದಕ್ಕೆ ಎಡೆಯಿಲ್ಲ. ‘ಕಳೆ’ ಒಳ್ಳೆಯ ಕ್ರಿಯಾಪದ. ‘ಕಳೆದು’ ಎಂದು ನಡುವೆ ಬಂದಾಗ ಅದು ಲೆಕ್ಕದ ಮಾತು, ‘ಹಣ ಕಳೆದಿದೆ’ ಎಂದು ಕೊನೆಗೆ ಬಂದಾಗ ಹಣ ಎಲ್ಲೋ ಬಿದ್ದುಹೋಯಿತು ಎಂಬ ಮಾತು. ಕೇಳಿದವರು ಈ ಎರಡನೆಯ ರೂಪವನ್ನು ಬರೆಯಲೇಬಾರದು.

ಕೊಲ್ಹಾರದ ಉಳ್ಳಾಗಡ್ಡಿ ಬೆಳೆಗಾರ:
ಅಕ್ಕಾವರ ಮಾತು ಸರಿಯಾಗಿದೆ. ಆದರೂ ನನ್ನ ಹಣ ಬಂದದ್ದು ‘ಮುರಿದುಕೊಂಡಿದ್ದಾರೆ’ ಎಂದು ಬರೆದಾಗಲೇ.

ಚಿಕ್ಕೋಡಿ ಕಡೆಯ ಕಿರಾಣಿ ವ್ಯಾಪಾರಿ:
ನೀವೆಲ್ಲ ಹೋದ ಹಣದ ಕ್ರಿಯಾಪದಕ್ಕೇ ಜೋತುಬಿದ್ದಿದ್ದೀರಿ, ಬರಬೇಕಾದ ಹಣದ ಕ್ರಿಯಾಪದವನ್ನು ಯಾರೂ ಹೇಳಲಿಲ್ಲ. ಒಬ್ಬ ಸಗಟು ವ್ಯಾಪಾರಿಯು ಸಕ್ಕರೆ ಚೀಲಗಳ ಲೆಕ್ಕದಲ್ಲಿ ನನ್ನಿಂದ ₹7,150 ಹೆಚ್ಚು ಹಿಡಿದಿದ್ದರು. ಅವರ ಮುನೀಮರು ಕಾಗದ ಬರೆದು, ‘ಸದರಿ ಹಣವನ್ನು ಹೊಂದಿಸಿಕೊಡಬೇಕು’ ಎಂಬ ಸಾಲಿನ ಕೆಳಗೆ ನನ್ನ ಸಹಿ ಪಡೆದರು. ಹಬ್ಬದ ಮುಂದೆ ನಗದು ಬೇಕಾಗಿದ್ದಾಗ, ಮುಂದಿನ ಮಾಲಿನ ಬಿಲ್ಲಿಗೆ ಹೊಂದಿಸಿಯಾಗಿದೆ ಎಂದು ಆ ಸಾಲನ್ನೇ ನನಗೆ ತೋರಿಸಿದರು. ಜಮಖಂಡಿಯವರೇ, ‘ಮುರಿದುಕೊಂಡಿದ್ದಾರೆ’ ಎನ್ನಿ, ‘ಕಡಿತಗೊಳಿಸಿದ್ದಾರೆ’ ಎನ್ನಿ, ಆದರೆ ಕೊನೆಯ ಸಾಲಿನಲ್ಲಿ ‘₹18,400ನ್ನು ನಮ್ಮ ತಂದೆಯವರ ಉಳಿತಾಯ ಖಾತೆಗೆ ಮರಳಿ ಜಮಾ ಮಾಡಬೇಕು’ ಎಂದೇ ಬರೆದು, ಪಾವತಿಯ ನಕಲನ್ನು ಲಗತ್ತಿಸಿ. ‘ಹೊಂದಿಸಬೇಕು’ ಎಂದು ಬರೆದರೆ ಅದನ್ನು ಮುಂದಿನ ಕಂತಿಗೆ ಹಿಡಿದುಬಿಡುತ್ತಾರೆ.