ಪದಚರ್ಚೆ: ರಾಕ್‌ಫೆಲ್ಲರ್ ಕಾಲದ ‘ಟ್ರಸ್ಟ್’, ಹೋಮ್‌ಸ್ಟೆಡ್‌ನ ‘ಲಾಕೌಟ್’ - ಕನ್ನಡದಲ್ಲಿ ಹೇಗೆ?

ಬಳಗದ ಎಲ್ಲರಿಗೂ ನಮಸ್ಕಾರ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕೈಗಾರಿಕೆಗಳ ಚರಿತ್ರೆಯನ್ನು ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕಾಗಿದೆ. ಹೆಚ್ಚು ತೊಡಕಿನದು ‘ಟ್ರಸ್ಟ್’.

ನಮ್ಮಲ್ಲಿ ಟ್ರಸ್ಟ್ ಎಂದರೆ ಶಾಲೆ ನಡೆಸುವ, ಅನ್ನದಾನ ಮಾಡುವ, ಸಮುದಾಯ ಭವನ ಕಟ್ಟಿಸುವ ಸಂಸ್ಥೆ. ಅದಕ್ಕೆ ವಿಶ್ವಸ್ತ ಮಂಡಳಿ, ನ್ಯಾಸ ಎಂಬ ಪದಗಳಿವೆ. ಟ್ರಸ್ಟಿಗೆ ಧರ್ಮದರ್ಶಿ ಎನ್ನುತ್ತೇವೆ. ಹೀಗಿರುವಾಗ “1882ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಟ್ರಸ್ಟ್ ಸ್ಥಾಪನೆಯಾಯಿತು” ಎಂದು ಬರೆದರೆ, ಸೀಮೆಎಣ್ಣೆಯ ಲಾಭದಲ್ಲಿ ಯಾವುದೋ ಧರ್ಮಕಾರ್ಯ ಶುರುವಾಯಿತೆಂದು ವಿದ್ಯಾರ್ಥಿ ತಿಳಿದರೆ ತಪ್ಪು ಅವನದಲ್ಲ.

ನಡೆದದ್ದು ಬೇರೆಯೇ. ಒಂದು ಕಂಪನಿ ಮತ್ತೊಂದು ಕಂಪನಿಯ ಷೇರುಗಳನ್ನು ಇಟ್ಟುಕೊಳ್ಳಲು ಆಗಿನ ರಾಜ್ಯಗಳ ಕಾನೂನು ಸಾಮಾನ್ಯವಾಗಿ ಬಿಡುತ್ತಿರಲಿಲ್ಲ. ಸ್ಟ್ಯಾಂಡರ್ಡ್ ಆಯಿಲ್ ಕಟ್ಟಿದ ಉದ್ಯಮಿ ರಾಕ್‌ಫೆಲ್ಲರ್‌ನ ಕಂಪನಿಯ ವಕೀಲ ಸ್ಯಾಮ್ಯುಯೆಲ್ ಡಾಡ್ ಇದಕ್ಕೊಂದು ದಾರಿ ಹುಡುಕಿದ. ಸುಮಾರು 40 ಕಂಪನಿಗಳ ಷೇರುದಾರರು ತಮ್ಮ ಷೇರುಗಳನ್ನು ಒಂಬತ್ತು ಮಂದಿ ಟ್ರಸ್ಟಿಗಳ ಕೈಗೊಪ್ಪಿಸಿ, ಬದಲಿಗೆ ಪ್ರಮಾಣಪತ್ರಗಳನ್ನು ಪಡೆದರು. ಲಾಭಾಂಶ ಎಲ್ಲರಿಗೂ ಬರುತ್ತಿತ್ತು, ಅಧಿಕಾರ ಮಾತ್ರ ಆ ಒಂಬತ್ತು ಮಂದಿಯದು. ದೇಶದ ಎಣ್ಣೆ ಶುದ್ಧೀಕರಣದಲ್ಲಿ ಶೇ 90ರಷ್ಟು ಅವರ ಹಿಡಿತಕ್ಕೆ ಬಂದಿತ್ತು. 1887ರ ಹೊತ್ತಿಗೆ ಸಕ್ಕರೆ ಮತ್ತು ವಿಸ್ಕಿ ತಯಾರಕರೂ ಇದೇ ಹಾದಿ ಹಿಡಿದರು. 1892ರಲ್ಲಿ ಓಹಾಯೋ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಈ ಏರ್ಪಾಟನ್ನು ಒಪ್ಪಲಿಲ್ಲ. 1899ರಲ್ಲಿ ಅದೇ ಉದ್ಯಮ ನ್ಯೂಜೆರ್ಸಿಯಲ್ಲಿ ಷೇರು ಹಿಡುವಳಿ ಕಂಪನಿಯಾಗಿ, ಅಂದರೆ ಬೇರೆ ಕಂಪನಿಗಳ ಷೇರುಗಳನ್ನು ತಾನೇ ಇಟ್ಟುಕೊಳ್ಳುವ ಕಂಪನಿಯಾಗಿ, ರೂಪ ಬದಲಿಸಿತು. ಆದರೂ ಜನ ಅದನ್ನು ಟ್ರಸ್ಟ್ ಎಂದೇ ಕರೆದರು, ಬೈಗುಳದಂತೆ. ಅಂದರೆ ಪದಕ್ಕೆ ಎರಡು ಪದರಗಳಿವೆ: ವಕೀಲರ ಟ್ರಸ್ಟ್ ಮತ್ತು ಜನರ ಟ್ರಸ್ಟ್.

ಮೊದಲನೆಯದಕ್ಕೆ ‘ಷೇರು ಟ್ರಸ್ಟ್’ ಎಂದು ಬರೆದು ಒಮ್ಮೆ ವಿವರಿಸಿದರೆ ಸಾಕೆನಿಸುತ್ತದೆ. ಎರಡನೆಯದಕ್ಕೆ ‘ಏಕಸ್ವಾಮ್ಯ ಕೂಟ’ ಎನ್ನಬಹುದೇ? ‘ಒಕ್ಕೂಟ’ ಖಂಡಿತ ಬೇಡ. ಹಾಲು ಒಕ್ಕೂಟ, ಕಾರ್ಮಿಕ ಒಕ್ಕೂಟ ಎಂದು ನಾವು ಗೌರವದಿಂದ ಬಳಸುವ ಪದವದು.

‘ಕೂಟ’ ನನಗೆ ಹಿಡಿಸಲು ಇನ್ನೊಂದು ಕಾರಣವಿದೆ. 1890ರ ಶರ್ಮನ್ ಕಾಯ್ದೆ ವ್ಯಾಪಾರಕ್ಕೆ ಅಡ್ಡಿಯಾಗುವ ‘ಕಾಂಬಿನೇಷನ್’ಗಳನ್ನು ನಿಷೇಧಿಸಿತು. ಜನ ಅದನ್ನು ಬಯಸಿದ್ದು ದೊಡ್ಡ ಉದ್ಯಮಗಳಿಗೆ ಮೂಗುದಾರ ಹಾಕಲು. ಆದರೆ 1894ರ ಪುಲ್‌ಮನ್ ರೈಲು ಮುಷ್ಕರದಲ್ಲಿ ನ್ಯಾಯಾಲಯ ಅದೇ ಕಾಯ್ದೆಯನ್ನೂ ಮುಂದಿಟ್ಟುಕೊಂಡು ಕಾರ್ಮಿಕರ ವಿರುದ್ಧ ತಡೆಯಾಜ್ಞೆ ಕೊಟ್ಟಿತು. ಅದನ್ನು ಮೀರಿದ್ದಕ್ಕೆ ನಾಯಕ ಯೂಜಿನ್ ಡೆಬ್ಸ್ ಆರು ತಿಂಗಳ ಸೆರೆವಾಸಕ್ಕೆ ಗುರಿಯಾದರು. ಸಂಬಳ ಕಡಿತವನ್ನು ಪ್ರತಿಭಟಿಸಿದವರ ಸಂಘವೂ ಎಣ್ಣೆ ದೊರೆಗಳ ಟ್ರಸ್ಟೂ ಕಾನೂನಿನ ಕಣ್ಣಿಗೆ ಒಂದೇ ಆದದ್ದು ದೊಡ್ಡ ಅನ್ಯಾಯ. ಉದ್ಯಮಿಗಳಿಗೊಂದು, ಕಾರ್ಮಿಕರಿಗೊಂದು ಪದ ಬಳಸಿದರೆ ಓದುಗರಿಗೆ ಈ ತಿರುವು ಕಾಣುವುದೇ ಇಲ್ಲ. ಆದ್ದರಿಂದ ಕಾಯ್ದೆಯ ಭಾಷೆಗೂ ‘ಕೂಟ’ ಎಂದೇ ಇಡಬೇಕೆಂದಿದ್ದೇನೆ. ‘ಸಂಯೋಜನೆ’ ಎಂದರೆ ಸಂಗೀತ ನೆನಪಾಗುತ್ತದೆ.

ಇನ್ನು ಎರಡನೆಯ ಪದ ‘ಲಾಕೌಟ್’, ಅಂದರೆ ಮಾಲೀಕರೇ ಗೇಟು ಮುಚ್ಚಿ ಕೆಲಸಗಾರರನ್ನು ಹೊರಗಿಡುವುದು. 1892ರಲ್ಲಿ ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್‌ನಲ್ಲಿ, ಕಾರ್ನೆಗಿಯ ಉಕ್ಕಿನ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಫ್ರಿಕ್ ಕಾರ್ಖಾನೆಯ ಸುತ್ತ ಬೇಲಿ ಎಬ್ಬಿಸಿ, ಕೂಲಿ ಒಪ್ಪಂದ ಮುಗಿಯುವ ಮೊದಲೇ ಕೆಲಸಗಾರರನ್ನು ಹೊರಗೆ ನಿಲ್ಲಿಸಿದ. ಜುಲೈ 6ರಂದು ದೋಣಿಗಳಲ್ಲಿ ಬಂದ 300 ಮಂದಿ ಪಿಂಕರ್ಟನ್ ಖಾಸಗಿ ಕಾವಲುಗಾರರಿಗೂ ಕಾರ್ಮಿಕರಿಗೂ ಗುಂಡಿನ ಕಾಳಗವಾಗಿ ಎರಡೂ ಕಡೆ ಜೀವಗಳು ಹೋದವು. ಇತಿಹಾಸದ ಪುಸ್ತಕಗಳು ಇದನ್ನು ‘ಹೋಮ್‌ಸ್ಟೆಡ್ ಮುಷ್ಕರ’ ಎನ್ನುತ್ತವೆ. ಕಾರ್ಮಿಕರು ಮುಷ್ಕರಕ್ಕೆ ತೀರ್ಮಾನಿಸಿದ್ದು ನಿಜ, ಆದರೆ ಮೊದಲು ಗೇಟು ಮುಚ್ಚಿದ್ದು ಕಂಪನಿ. ‘ಮುಷ್ಕರ’ ಎಂದಷ್ಟೇ ಬರೆದರೆ ಆರಂಭಿಸಿದವರು ಕಾರ್ಮಿಕರೇ ಎಂದಾಗುತ್ತದೆ. ಇದನ್ನು ನಾನು ಒಪ್ಪಲಾರೆ.

ಲಾಕೌಟ್‌ಗೆ ‘ಬೀಗಮುದ್ರೆ’ ಎಂಬ ಪದವಿದೆ. ಆದರೆ ಇಂದಿನ ಪತ್ರಿಕೆಗಳಲ್ಲಿ ತೆರಿಗೆ ಬಾಕಿ ಉಳಿಸಿಕೊಂಡ ಅಂಗಡಿಗೆ ಪಾಲಿಕೆಯವರು ಹಾಕುವುದೂ ಬೀಗಮುದ್ರೆಯೇ. ಮಾಲೀಕನೇ ಕಾರ್ಮಿಕರನ್ನು ಹೊರಗಿಟ್ಟ ಎಂಬ ಅರ್ಥ ಅದರಿಂದ ಈಗಲೂ ಹೊರಡುತ್ತದೆಯೇ? ‘ಲಾಕೌಟ್’ ಎಂದೇ ಉಳಿಸಿಕೊಳ್ಳುವುದು ಒಳ್ಳೆಯದೇ?

ಭದ್ರಾವತಿ, ದಾವಣಗೆರೆ, ಹುಬ್ಬಳ್ಳಿ, ಗೋಕಾಕದ ಕಡೆಯವರು ಬಳಗದಲ್ಲಿದ್ದರೆ ಒಂದು ವಿಶೇಷ ಕೋರಿಕೆ. ಗಿರಣಿ, ಕಾರ್ಖಾನೆಗಳಲ್ಲಿ ದುಡಿದ ನಿಮ್ಮ ಮನೆಯ ಹಿರಿಯರು, ಆಡಳಿತದವರೇ ಗೇಟು ಮುಚ್ಚಿದ ಸಂದರ್ಭವನ್ನು ಯಾವ ಮಾತಿನಲ್ಲಿ ಹೇಳುತ್ತಿದ್ದರು? ನಿಘಂಟಿಗೆ ಸೇರದ ಮಾತಾದರೂ ಪರವಾಗಿಲ್ಲ, ದಯವಿಟ್ಟು ಬರೆಯಿರಿ.