ಅಜ್ಜನ ಮಾರಿಸ್‌ಗೆ ಹೊಸ ಬ್ಯಾಟರಿ

(ಮುಂಬೈ ಮಾಟುಂಗಾದ ನಮ್ಮ ಮನೆತನದ ಗುಂಪು. ಕಾರು ಒಂದು, ಪಾಲು ನಾಲ್ಕು. ಭಾನುವಾರ ಬೆಳಿಗ್ಗೆಯ ಮಾತುಕತೆ.)

ಚಿಕ್ಕಪ್ಪ: ಹೊಸ ಬ್ಯಾಟರಿ ನಾನೇ ಕೂರಿಸಿದೆ. 4,800 ರೂಪಾಯಿ. ಮನೆಗೆ 1,200. ಒಂದೇ ಸಲಕ್ಕೆ ಸ್ಟಾರ್ಟ್ 💪

ಅತ್ತೆ: ಅಪ್ಪ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರು 🙏

ಚಿಕ್ಕಪ್ಪ: ರೇಡಿಯೊ ಮಾತ್ರ ಹಾಡುತ್ತಿಲ್ಲ. ಏನೋ ಸುಟ್ಟ ವಾಸನೆ. ಡ್ಯಾಶ್‌ಬೋರ್ಡಿನ ಕೆಂಪು ದೀಪವೂ ಆರುತ್ತಿಲ್ಲ.

ದೊಡ್ಡಪ್ಪ: ಎಂಜಿನ್ ಬಂದ್ ಮಾಡು. ಈಗಲೇ. ಬಾಡಿಗೆ ಯಾವುದು ಕೊಟ್ಟೆ?

ಅತ್ತೆ: ಬಾಡಿಗೆನಾ? ಅಪ್ಪನ ಕಾರನ್ನು ಬಾಡಿಗೆಗೆ ಕೊಟ್ಟಿರಾ??

ದೊಡ್ಡಪ್ಪ: ಅಯ್ಯೋ, ಕಾರಿನ ಬಾಡಿ ಕಣಮ್ಮಾ. ಬ್ಯಾಟರಿಯ ಯಾವ ತುದಿ ಅದಕ್ಕೆ ಜೋಡಿಸಿದ, ಪ್ಲಸ್ಸಾ ಮೈನಸ್ಸಾ?

ಚಿಕ್ಕಪ್ಪ: ಮೈನಸ್. ಇನ್ಯಾವುದು? ಪದ್ಮಿನಿ ಹನ್ನೆರಡು ವರ್ಷ ಓಡಿಸಿದವನು ನಾನು.

ದೊಡ್ಡಪ್ಪ: ಪದ್ಮಿನಿ ಫಿಯೆಟ್ ಮನೆತನದ್ದು, ಕುರ್ಲಾದಲ್ಲಿ ತಯಾರಾದದ್ದು. ಅದಕ್ಕೆ ಮೈನಸ್ಸೇ. ಇದು 1958ರ ಮಾರಿಸ್ ಮೈನರ್. ಇದರಲ್ಲಿ ಪ್ಲಸ್ ಬಾಡಿಗೆ.

ಚಿಕ್ಕಪ್ಪ: ಹಾಗಾದರೆ ಸ್ಟಾರ್ಟ್ ಆದದ್ದು ಹೇಗಣ್ಣ?

ದೊಡ್ಡಪ್ಪ: ಸ್ಟಾರ್ಟರ್ ಮೋಟಾರಿಗೆ ಅದಲು ಬದಲಾದರೂ ತೊಂದರೆಯಿಲ್ಲ, ಅದೇ ಕಡೆಗೆ ತಿರುಗುತ್ತದೆ. ಹೆಡ್‌ಲೈಟಿಗೂ ಲೆಕ್ಕವಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಲೆಕ್ಕವಿದೆ. ಅದು ಹಳೆ ದಿಕ್ಕಿನಲ್ಲೇ ಕರೆಂಟ್ ಕೊಡುತ್ತದೆ, ಬ್ಯಾಟರಿ ಎದುರು ನಿಂತಿದೆ. ಕೆಂಪು ದೀಪ ಸುಮ್ನೆ ಉರಿಯುತ್ತಿಲ್ಲ! ಇನ್ನೂ ಜೋರಾಗಿ ಓಡಿಸಿದ್ದರೆ ಕಟ್‌ಔಟ್ (ಡೈನಮೋವನ್ನು ಬ್ಯಾಟರಿಗೆ ಜೋಡಿಸುವ ಸ್ವಿಚ್) ಪಾಯಿಂಟ್ ಸುಟ್ಟು ಅಂಟಿಕೊಳ್ಳುತ್ತಿತ್ತು. ರೇಡಿಯೊ ಟ್ರಾನ್ಸಿಸ್ಟರಿನದು, ಅದು ಹೋಯಿತು ಅಂದುಕೋ.

ನಾನು (ಪುಣೆಯಿಂದ): ಚಿಕ್ಕಪ್ಪ, ವೈರಿನ ತುದಿಯ ಕ್ಲಾಂಪ್ ಬ್ಯಾಟರಿ ಮೇಲೆ ಸರಿಯಾಗಿ ಕೂತಿತ್ತಾ?

ಚಿಕ್ಕಪ್ಪ: ಒಂದು ಸಡಿಲ ಇತ್ತು, ತಗಡು ತುರುಕಿದೆ. ಇನ್ನೊಂದು ಬಿಗಿ. ಸುತ್ತಿಗೆಯಲ್ಲಿ ಸ್ವಲ್ಪ ಬಡಿದೆ.

ನಾನು: 🤦 ಬ್ಯಾಟರಿಯ ಪ್ಲಸ್ ಕಂಬ ದಪ್ಪ, ಮೈನಸ್ ಸಣ್ಣದು. ಕ್ಲಾಂಪೂ ಅದೇ ಅಳತೆಗೆ. ಕ್ಲಾಂಪೇ ಬಾಯಿಬಿಟ್ಟು ಹೇಳುತ್ತಿತ್ತು!

ಚಿಕ್ಕಪ್ಪ: ನೀನು ಪುಣೆಯಲ್ಲಿ ಕೂತು ಪಾಠ ಮಾಡಬೇಡ. ಕಾರು ತೊಳೆಯಲು ಒಂದು ದಿನ ಬಂದಿದ್ದೀಯಾ?

(ಇದಕ್ಕೆ ಉತ್ತರ ಇರಲಿಲ್ಲ. ಬಂದಿಲ್ಲ.)

ದೊಡ್ಡಪ್ಪ: ಜಗಳ ಆಮೇಲೆ. ಬಿಚ್ಚುವಾಗ ಬಾಡಿ ಕಡೆಯ ವೈರ್ ಮೊದಲು. ಕೂರಿಸುವಾಗ ಅದು ಕೊನೆಗೆ. ಇಲ್ಲವಾದರೆ ಸ್ಪ್ಯಾನರ್ ಎಲ್ಲಾದರೂ ತಗುಲಿ ಕಿಡಿ ಹಾರುತ್ತದೆ. ಬೆರಳಿನ ಉಂಗುರ ತೆಗೆದಿಡು. ಆಮೇಲೆ ಸ್ಟಾರ್ಟ್ ಮಾಡಬೇಡ, ಡೈನಮೋವನ್ನು ಮೆಕ್ಯಾನಿಕ್ ಒಮ್ಮೆ ನೋಡಲಿ.

(ಮುಕ್ಕಾಲು ಗಂಟೆ ಯಾರೂ ಮಾತಾಡಲಿಲ್ಲ.)

ಚಿಕ್ಕಪ್ಪ: ಬದಲಾಯಿಸಿದೆ. ಕ್ಲಾಂಪ್ ತಾನಾಗಿಯೇ ಕೂತಿತು. ನಾಳೆ ರೇಡಿಯೊ ರಿಪೇರಿಗೆ ಲ್ಯಾಮಿಂಗ್ಟನ್ ರಸ್ತೆಗೆ ಒಯ್ಯುತ್ತೇನೆ. ಆ ಖರ್ಚೂ ನಾಲ್ಕು ಪಾಲು, ಅಲ್ವಾ?

ಅತ್ತೆ: ನನ್ನ 1,200 ಕಳಿಸಿದೆ. ರೇಡಿಯೊ ಸುಟ್ಟವರದ್ದು.

ದೊಡ್ಡಪ್ಪ: 👍

ಚಿಕ್ಕಪ್ಪ: ಆಯ್ತು ಬಿಡಿ. ಬಾನೆಟ್ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಸುತ್ತೇನೆ, "ಪ್ಲಸ್ ಬಾಡಿಗೆ" ಎಂದು.

ಅತ್ತೆ: ಒಳಗಡೆ ಬರೆಸು. ಹೊರಗೆ ಬರೆದರೆ ಮದುವೆಯವರು ರೇಟ್ ಕೇಳಿಕೊಂಡು ಬಂದಾರು.