ಪ್ರಶ್ನೋತ್ತರ: ರಾಮ್‌ಸ್ಟೈನ್ ಏರ್ ಬೇಸ್‌ಗೆ ಹೊಸದಾಗಿ ಹೊರಟವರಿಗೆ

ಪ್ರಶ್ನೆ: ಅಕ್ಕ, ನಮಸ್ತೆ. ನನ್ನ ಗಂಡ ಅಮೆರಿಕದ ಏರ್ ಫೋರ್ಸ್‌ನಲ್ಲಿದ್ದಾರೆ. ಈಗ ಜರ್ಮನಿಯ ರಾಮ್‌ಸ್ಟೈನ್‌ಗೆ ವರ್ಗ ಆಗಿದೆ. ನನ್ನದು ಇನ್ನೂ ಇಂಡಿಯನ್ ಪಾಸ್‌ಪೋರ್ಟ್, ಜೊತೆಗೆ ಗ್ರೀನ್ ಕಾರ್ಡ್. ನಾಲ್ಕು ವರ್ಷದ ಮಗಳಿದ್ದಾಳೆ. ನೀವು ಅಲ್ಲಿ ಹೊಸ ಕುಟುಂಬಗಳಿಗೆ ನೆರವಾಗುವ ಕೆಲಸದಲ್ಲಿದ್ದೀರಿ ಅಂತ ಗೊತ್ತಾಯಿತು. ಅಲ್ಲಿರೋದು ಯುದ್ಧವಿಮಾನಗಳಾ? ನಾನು ಮೊದಲು ಏನು ಮಾಡಬೇಕು?

ಉತ್ತರ: ಬನ್ನಿ, ಸಂತೋಷ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಂಡನ ಯೂನಿಟ್ ಹೆಸರು, ಹೊರಡುವ ದಿನ ಇದನ್ನೆಲ್ಲ ಎಲ್ಲರೂ ಓದುವ ಈ ಗುಂಪಿನಲ್ಲಿ ಬರೆಯಬೇಡಿ.

ರಾಮ್‌ಸ್ಟೈನ್ ಈಗ ಮುಖ್ಯವಾಗಿ ಸಾಗಣೆಯ ನೆಲೆ. ಇಲ್ಲಿನ 86ನೇ ಏರ್‌ಲಿಫ್ಟ್ ವಿಂಗ್ ಸಿ-130ಜೆ ಎಂಬ ಸಾಗಣೆ ವಿಮಾನಗಳನ್ನು ಹಾರಿಸುತ್ತದೆ. ಜನ, ಸಾಮಾನು, ಗಾಯಾಳುಗಳು ಎಲ್ಲ ಇಲ್ಲಿಂದ ಹಾದುಹೋಗುತ್ತಾರೆ. 2005ರಲ್ಲಿ ಫ್ರಾಂಕ್‌ಫರ್ಟ್‌ನ ರೈನ್-ಮೈನ್ ನೆಲೆ ಮುಚ್ಚಿದ ಮೇಲೆ ಇಲ್ಲಿನ ಓಡಾಟ ಇನ್ನೂ ಜಾಸ್ತಿಯಾಯಿತು. ಇರಾಕ್, ಅಫ್ಘಾನಿಸ್ತಾನದಲ್ಲಿ ಗಾಯಗೊಂಡವರನ್ನು ಇಲ್ಲಿ ಇಳಿಸಿ ಪಕ್ಕದ ಲಾಂಡ್‌ಸ್ಟೂಲ್ ಆಸ್ಪತ್ರೆಗೆ ಒಯ್ಯುತ್ತಿದ್ದರು. 2021ರಲ್ಲಿ ಕಾಬೂಲ್ ಬಿಟ್ಟು ಬಂದ ಸಾವಿರಾರು ಅಫ್ಘನ್ನರು ಮುಂದೆ ಹೋಗುವ ಮೊದಲು ಇಲ್ಲೇ ಟೆಂಟುಗಳಲ್ಲಿ ಉಳಿದಿದ್ದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಎಲ್ಲೋ ದೂರದಲ್ಲಿ ಏನಾದರೂ ಆದರೆ ಇಲ್ಲಿ ಡ್ಯೂಟಿ ವೇಳೆ ಬದಲಾಗುತ್ತದೆ. ರಾತ್ರಿ ಫೋನ್ ಬರಬಹುದು, ರಜೆ ರದ್ದಾಗಬಹುದು. ಕಾರಣ ತಿಳಿದಿದ್ದರೆ ಮನೆಯಲ್ಲಿರುವವರಿಗೆ ತಡೆದುಕೊಳ್ಳೋದು ಸ್ವಲ್ಪ ಸುಲಭ. ಅದಕ್ಕೇ ಹೊಸಬರ ಬ್ರೀಫಿಂಗ್‌ಗೆ ನೀವೂ ಹೋಗಿ. ಅದು ಗಂಡನಿಗಷ್ಟೇ ಅಲ್ಲ.

ಈಗಲೇ ಮಾಡಬೇಕಾದ್ದು ಎರಡು. ಹೊಸ ಕುಟುಂಬಕ್ಕೆ ನೆರವಾಗಲಿ ಅಂತ ಇಲ್ಲಿನ ಯೂನಿಟ್‌ನವರು ನಿಮಗೆ ಸ್ಪಾನ್ಸರ್ ಅಂತ ಒಬ್ಬರನ್ನು ಕೊಟ್ಟಿರುತ್ತಾರೆ. ಅವರಿಗೆ ಇವತ್ತೇ ಬರೆಯಿರಿ, ಸಂಕೋಚ ಬೇಡ. ಇನ್ನೊಂದು, ಗಂಡನ ವರ್ಗಾವಣೆ ಆರ್ಡರ್‌ನಲ್ಲಿ ನಿಮ್ಮ ಮತ್ತು ಮಗಳ ಹೆಸರು ಇದೆಯಾ ನೋಡಿ. ಇಂಡಿಯನ್ ಪಾಸ್‌ಪೋರ್ಟ್ ಆದ್ದರಿಂದ, ಟಿಕೆಟ್‌ಗೆ ಮೊದಲು ಈಗಿರುವ ಬೇಸ್‌ನ ಪಾಸ್‌ಪೋರ್ಟ್ ಆಫೀಸಿನಲ್ಲಿ ವೀಸಾ ವಿಷಯ ಬರಹದಲ್ಲೇ ಕೇಳಿ. ಗೆಳತಿಯರು ಹೇಳಿದ್ದನ್ನು ನಂಬಿ ಹೊರಡಬೇಡಿ.

ಪ್ರಶ್ನೆ: ಕೆಲವು ವರ್ಷ ಅಮೆರಿಕದ ಹೊರಗಿದ್ದರೆ ಗ್ರೀನ್ ಕಾರ್ಡ್ ಹೋಗುತ್ತಾ? ನನಗೆ ಅದೇ ದೊಡ್ಡ ಚಿಂತೆ.

ಉತ್ತರ: ನೀವು ಗಂಡನ ಆರ್ಡರ್ ಮೇಲೆ ಜೊತೆಗಿರುವವರು. ಸೈನಿಕರ ಗಂಡ-ಹೆಂಡತಿಗೆ ಕಾನೂನಿನಲ್ಲಿ ಬೇರೆ ದಾರಿ ಇದೆ. ಹೀಗೆ ಆರ್ಡರ್ ಮೇಲೆ ಹೊರದೇಶದಲ್ಲಿ ಕಳೆದ ದಿನಗಳನ್ನು ಪೌರತ್ವದ ಅರ್ಜಿಗೆ ಅಮೆರಿಕದಲ್ಲೇ ಇದ್ದಂತೆ ಲೆಕ್ಕ ಹಾಕಬಹುದು. ಅಮೆರಿಕಕ್ಕೆ ವಾಪಸ್ ಹೋಗದೆ ಹೊರದೇಶದಲ್ಲೇ ಪೌರತ್ವ ಪಡೆಯೋ ಅವಕಾಶವೂ ಇದೆ. ಆದರೆ ಭಾರತ ಎರಡು ಪೌರತ್ವ ಒಪ್ಪಲ್ಲ, ಅದನ್ನು ಯೋಚಿಸಿ. ಬೇಸ್‌ನ ಲೀಗಲ್ ಆಫೀಸಿನಲ್ಲಿ ಸಲಹೆಗೆ ದುಡ್ಡಿಲ್ಲ. ಬಂದ ಕೂಡಲೇ ಹೋಗಿ, ಆರ್ಡರ್ ಪ್ರತಿ ಜೋಪಾನ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಅಕ್ಕ. ಮನೆ ಬೇಸ್ ಒಳಗೆ ಬೇಕಾ, ಹೊರಗೆ ಒಳ್ಳೆಯದಾ? ನನಗೆ ಜರ್ಮನ್ ಬರಲ್ಲ. ಮಿಕ್ಸಿ, ಗ್ರೈಂಡರ್ ತರಬಹುದಾ?

ಉತ್ತರ: ನನ್ನ ಕೇಳಿದರೆ ಹಳ್ಳಿಯಲ್ಲೇ ಇರಿ. ಬೇಸ್ ಹತ್ತಿರದ ಪಟ್ಟಣ ಕೈಸರ್ಸ್‌ಲೌಟರ್ನ್ ಸುತ್ತಮುತ್ತ ಐವತ್ತು ಸಾವಿರದಷ್ಟು ಅಮೆರಿಕನ್ನರಿದ್ದಾರೆ. ಬೇಸ್ ಒಳಗೇ ಉಳಿದರೆ ಜರ್ಮನಿಗೆ ಬಂದಿದ್ದೇ ಗೊತ್ತಾಗಲ್ಲ. ಮಗಳನ್ನು ಊರಿನ ಕಿಂಡರ್‌ಗಾರ್ಟನ್‌ಗೆ ಸೇರಿಸಿದರೆ ಭಾಷೆ ನಿಮಗಿಂತ ಮೊದಲು ಅವಳಿಗೇ ಬರುತ್ತದೆ. ಸಹಿ ಹಾಕುವ ಮುಂಚೆ ಬಾಡಿಗೆ ಕರಾರನ್ನು ಹೌಸಿಂಗ್ ಆಫೀಸಿಗೆ ತೋರಿಸಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಪಾಟು, ಸಿಂಕ್ ಕೂಡ ಇರಲ್ಲ. ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ.

ಅಮೆರಿಕದ 110 ವೋಲ್ಟ್ ಸಾಮಾನು ಇಲ್ಲಿ ನೇರ ಹಾಕಿದರೆ ಸುಡುತ್ತದೆ. ನಮ್ಮೂರಿನ ಮಿಕ್ಸಿ, ಗ್ರೈಂಡರ್‌ಗೆ ಆ ತೊಂದರೆ ಇಲ್ಲ. ಇಲ್ಲೂ 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಮಾತ್ರ ಬದಲಿಸಿ. ಆದರೆ ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರ ಗ್ರೈಂಡರ್ ಹಾಕಬೇಡಿ. ಸದ್ದು ಮಾಡಬಾರದ ಹೊತ್ತು ಅದು, ನೆರೆಯವರು ಅದನ್ನು ಗಂಭೀರವಾಗಿ ತಗೋತಾರೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ.

ಊರಿನ ಹಿರಿಯರ ಜೊತೆ ಮಾತಾಡುವಾಗ ಒಂದು ನೆನಪಿರಲಿ. 1988ರ ಆಗಸ್ಟ್ 28ರಂದು ಇದೇ ಬೇಸ್‌ನ ಏರ್ ಶೋನಲ್ಲಿ ಇಟಲಿಯ ಮೂರು ಜೆಟ್‌ಗಳು ಡಿಕ್ಕಿ ಹೊಡೆದು ಎಪ್ಪತ್ತು ಜನ ಸತ್ತರು. ಹೆಚ್ಚಿನವರು ನೋಡಲು ಬಂದ ಜನ. ಆ ಗಾಯ ಇಲ್ಲಿ ಇನ್ನೂ ಇದೆ. ವಿಮಾನದ ಸದ್ದಿಗೆ ಯಾರಾದರೂ ಮುಖ ಗಂಟಿಕ್ಕಿದರೆ ತಪ್ಪು ತಿಳಿಯಬೇಡಿ.

ಪ್ರಶ್ನೆ (ಇನ್ನೊಬ್ಬರಿಂದ): ಮೇಡಂ, ನಾನು ಕೈಸರ್ಸ್‌ಲೌಟರ್ನ್‌ನಲ್ಲಿ ಓದುತ್ತಿದ್ದೇನೆ. ಇವರು ಬಂದ ಮೇಲೆ ಬೇಸ್ ಅಂಗಡಿಯಿಂದ ಕಾಫಿಪುಡಿ ತರಿಸಿಕೊಳ್ಳಬಹುದಾ?

ಉತ್ತರ: ಬೇಡಪ್ಪಾ. ಅಲ್ಲಿನ ಸಾಮಾನಿಗೆ ಜರ್ಮನ್ ತೆರಿಗೆ ಇಲ್ಲ, ಕಾಫಿಗೆ ರೇಷನ್ ಮಿತಿಯೂ ಇದೆ. ಹೊರಗಿನವರಿಗೆ ತಂದುಕೊಟ್ಟರೆ ಅವರ ಗಂಡನ ಕೆಲಸಕ್ಕೇ ತೊಂದರೆ. ಅವರ ಮನೆಗೆ ಹೋಗಿ ಕೂತು ಒಂದು ಲೋಟ ಕಾಫಿ ಕುಡಿದು ಬನ್ನಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.